ದೂರು ಎಂಬ ಗುಂಡಿ

ಮನೆ ಮಾಲೀಕರಿಗೂ ಬಾಡಿಗೆದಾರರಿಗೂ ಅಂತ ಚೈತ್ರಾ ತಯಾರಿಸುತ್ತಿದ್ದ ಆಪ್‌ನ ಭವಿಷ್ಯವೆಲ್ಲ ಆ ಮಧ್ಯಾಹ್ನ ಹರಿಹರದಲ್ಲಿ, ಓಬವ್ವನ ಬಾಡಿಗೆ ಮನೆಯಲ್ಲಿ, ಒಂದು ಗುಂಡಿಯ ಮೇಲೆ ನಿಂತಿತ್ತು. ಗುಂಡಿಯ ಹೆಸರು ‘ದೂರು’. ತಾರಸಿ ಸೋರಿ ಬಕೆಟ್ ತುಂಬುತ್ತಿತ್ತು. ದಾವಣಗೆರೆಯಿಂದ ಬಂದಿದ್ದ ಮಾಲೀಕ ಉಜ್ಜನಪ್ಪನವರು ಬಕೆಟ್ಟಿನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು. "ಆಪ್ ಮಾಡ್ಸಿದ ಮ್ಯಾಲೆ ಎಲ್ಲಾ ಆಪ್‌ನಾಗೇ ಬರ್ಲಿ. ಬಂದ ದಿನಾನೇ ಗಾರೆಯವ್ನ ಕಳಸ್ತೀನಿ."

"ಒತ್ತಿ ಮಾತಾಡ್ರಿ ಓಬವ್ವ, ಅಷ್ಟೇ ಸಾಕು," ಎಂದಳು ಚೈತ್ರಾ.

"ಯಜಮಾನ್ರು ಎದುರಿಗೇ ಕುಂತಾರೆ, ಅವ್ರ ಮ್ಯಾಲೆ ದೂರು ಕೊಡ್ಲಾ? ಇದೇನು ಪೊಲೀಸ್ ಸ್ಟೇಷನ್ನಾ?"

ಚೈತ್ರಾ ಹಲ್ಲು ಕಚ್ಚಿಕೊಂಡು ಲ್ಯಾಪ್‌ಟಾಪ್ ತೆರೆದು, ಗುಂಡಿಯ ಹೆಸರನ್ನು ‘ಯಜಮಾನರಿಗೆ ಒಂದು ಮಾತು’ ಎಂದು ಬದಲಿಸಿದಳು. ಓಬವ್ವ ಸೆರಗು ಸರಿಮಾಡಿಕೊಂಡು ಗುಂಡಿ ಒತ್ತಿ, ಫೋನನ್ನು ಬಾಯಿಯ ಹತ್ತಿರ ಹಿಡಿದಳು. "ಯಜಮಾನ್ರೇ, ಊಟ ಆತ್ರಾ? ಅಮ್ಮಾರು ಆರಾಮದಾರಾ?"

ಎರಡು ಮಾರು ದೂರದಲ್ಲಿ ಉಜ್ಜನಪ್ಪನವರ ಜೇಬಿನಲ್ಲಿ ಫೋನು ಟಿಂಗೆಂದಿತು. ಅವರು ಕನ್ನಡಕ ಏರಿಸಿ, ಫೋನು ಕಿವಿಗಿಟ್ಟು ಕೇಳಿ, ಅಷ್ಟೇ ಗಂಭೀರವಾಗಿ ಫೋನಿಗೇ ಉತ್ತರ ಹೇಳಿದರು. "ಆತವ್ವ. ಎಲ್ರೂ ಆರಾಮ. ಮನೆ ಹೆಂಗೈತೆ?"

"ಏನೂ ತೊಂದ್ರೆ ಇಲ್ರಿ," ಎಂದು ಓಬವ್ವ ಫೋನಿಗೆ ಹೇಳಿದಳು.

ಮುಂದಿನ ತಿಂಗಳು ಅವಳು ಮನೆ ಖಾಲಿ ಮಾಡಿದಳು.