ನೂರೈವತ್ತೆಂಟು ಡಿಗ್ರಿ

ಪಾಲಿಮರ್ ಹಾಳೆಯ ಮೇಲೆ ನೀರಹನಿ ಕೂರುವ ಕೋನವನ್ನು ಅಳೆದು ಹಾಳೆ ನೀರನ್ನು ಎಷ್ಟು ದೂರವಿಡುತ್ತದೆಂದು ಕಂಡುಹಿಡಿಯುವುದು ಸುಗುಣಾಳ ಕೆಲಸ. ಆ ಅಳತೆಗಳನ್ನು ಕದ್ದು ತಮ್ಮ ಹೆಸರಲ್ಲಿ ಅಚ್ಚುಹಾಕಿಸುವುದು ಅವಳ ಪಿಎಚ್‌ಡಿ ಗೈಡ್ ಸಾಹೇಬರ ಕೆಲಸ. ಮೂರು ವರ್ಷ ಹಲ್ಲು ಕಚ್ಚಿಕೊಂಡಿದ್ದ ಅವಳು ಈ ಸಲ ಹೊಸದೊಂದು ಅಳತೆ ಬರೆದು, ನೋಟ್‌ಬುಕ್ಕನ್ನು ಬೇಕೆಂದೇ ಮೇಜಿನ ಮೇಲೆ ಬಿಟ್ಟುಹೋದಳು.

ವಾರದೊಳಗೆ ಗೈಡ್ ಸಭೆ ಕರೆದು ಎದೆಯುಬ್ಬಿಸಿದರು. "ನನ್ನ ಹೊಸ ಪಾಲಿಮರ್ ಮೇಲೆ ನೂರೈವತ್ತೆಂಟು ಡಿಗ್ರಿ. ಹನಿ ಮುತ್ತಿನ ಹಾಗೆ ಉರುಳುತ್ತೆ."

"ಎಲ್ರೀ, ಸ್ವಲ್ಪ ತೋರಿಸಿ," ಎಂದರು ಹೊರಗಿನಿಂದ ಬಂದ ತಜ್ಞರು.

ಗೈಡ್ ತಿರುಗಿದರು. "ಏನಮ್ಮಾ ಸುಗುಣಾ, ಆ ಸ್ಯಾಂಪಲ್ ತಗೊಂಬಾ."

"ಅಳೆದದ್ದನ್ನೇ ತರ್ಲಾ ಸಾರ್?"

"ಮತ್ತೇನು, ನಿಮ್ಮಜ್ಜೀನ ಕರ್ಕೊಂಬರ್ತೀಯಾ?"

ಎಲ್ಲರೂ ನಕ್ಕರು. ಸುಗುಣಾ ಟ್ರೇ ತಂದು ತಜ್ಞರ ಮುಂದಿಟ್ಟಳು. ಅದರಲ್ಲಿ ಒಂದು ಕೆಸುವಿನೆಲೆಯಿತ್ತು.