ದಾರದವರೆಗೆ

“ಕೊರಳಾಗಿನ ದಾರಾನೂ ತಗೀರಿ ಗುರುಪುತ್ರಪ್ಪನವರ. ಒಳಗ ಉರುಲು ಹಾಕ್ಕೊಂಡ್ರ ನನ್ನ ನೌಕರಿ ಹೋಗ್ತೈತಿ,” ಎಂದ ಖಾನಾಪುರ ಠಾಣೆಯ ಜಮಾದಾರ ಧನಪಾಲ. ತುರ್ತು ಪರಿಸ್ಥಿತಿಯ ವಿರುದ್ಧ ಸಂತೆಯಲ್ಲಿ ಮಾತನಾಡಿದ್ದಕ್ಕೆ ಆ ಹಿರಿಯರನ್ನು ಹಿಡಿದು ತಂದಿದ್ದರು. ಅವರ ರುಮಾಲು ಆಗಲೇ ಮೇಜಿನ ಮೇಲಿತ್ತು. ದಾರದಲ್ಲಿ ಇಷ್ಟಲಿಂಗವಿತ್ತು.

“ಸತ್ತರೂ ಇದನ್ನ ಅಂಗೈಯಾಗಿಟ್ಟು ಮಣ್ಣು ಮಾಡ್ತಾರ ಜಮಾದಾರ್ರ. ಸಾವಿಗೆ ಕೊಡದ್ದನ್ನ ಸರಕಾರಕ್ಕ ಹೆಂಗ ಕೊಡ್ಲಿ?”

“ಕಾಯ್ದೆ ಐತ್ರೀ.”

ಗುರುಪುತ್ರಪ್ಪ ಕಣ್ಣು ಮುಚ್ಚಿ ಗಂಟು ಬಿಚ್ಚಿದರು. ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಎದೆಗಾನಿಸಿಕೊಂಡು, ಬರಿಯ ದಾರವನ್ನು ಚಾಚಿದರು.

ಆ ಮುಷ್ಟಿ ಬಿಡಿಸಲು ಪೇದೆಯೊಬ್ಬ ಮುಂದೆ ಬಂದ. ಧನಪಾಲ ಕೈ ಅಡ್ಡ ಹಿಡಿದ.

“ಕಾಯ್ದ್ಯಾಗ ದಾರ ಅಷ್ಟ ಐತಿ, ತಮ್ಮಾ.”

ದಾರವನ್ನು ಕಣ್ಣಿಗೊತ್ತಿಕೊಂಡು, ಅವರನ್ನು ಒಳಗೆ ಬಿಟ್ಟು ಮೆಲ್ಲಗೆ ಕೀಲಿ ಹಾಕಿದ.