ಇಂದುಮತಿ ಮೇಡಂ ಕೊಟ್ಟ ಕಾದಂಬರಿ

ಅಂಗೈಗೆ ಅಂಗೈ ಒತ್ತಿದರೆ ಸಾಕು, ನಾವು ಓದಿದ್ದು, ಕೇಳಿದ್ದು ಎದುರಿನವರಿಗೆ ಹೋಗಿಬಿಡುತ್ತದೆ. ಕೊಟ್ಟವರಿಗೆ ಅದರ ಒಂದಕ್ಷರವೂ ಉಳಿಯುವುದಿಲ್ಲ, ಕೊಟ್ಟೆನೆಂಬ ನೆನಪೂ ಇರುವುದಿಲ್ಲ. ಹೀಗಾಗಿ ವರ್ಷದ ಕೊನೆಯ ದಿನ ನಮ್ಮ ಹಾಲು ಪರೀಕ್ಷೆಯ ಲ್ಯಾಬಿನಲ್ಲಿ ಮೆಚ್ಚಿನ ಓದು, ಹಾಡು ಹಂಚಿಕೊಳ್ಳುವಾಗ ಎಲ್ಲರೂ ಮಹಾ ಜಾಣರು. ಬೇಸರ ಬಂದ ಹಾಡನ್ನೋ ಅರ್ಧಕ್ಕೆ ಬಿಟ್ಟ ಪುಸ್ತಕವನ್ನೋ ದಾಟಿಸಿ ಕೈ ತೊಳೆದುಕೊಳ್ಳುತ್ತೇವೆ.

ಈ ಸಲ ಚೀಟಿ ಎತ್ತಿದಾಗ ನನಗೆ ಜೋಡಿಯಾಗಿ ಬಂದವರು ಇಂದುಮತಿ ಮೇಡಂ. ನಾನು ಅವರಿಗೆ ದಾಟಿಸಿದ್ದು ಒಂದು ಸೋಪಿನ ಜಾಹೀರಾತಿನ ಹಾಡಂತೆ, ಅವರೇ ನಕ್ಕು ಹೇಳಿದರು.

"ತುಂಬ ಮೆಚ್ಚಿದ್ದನ್ನೇ ಕೊಡಬೇಕು, ಅಲ್ವೇನ್ರೀ?" ಎನ್ನುತ್ತ ಅವರು ಒದ್ದೆ ಕೈ ಒರೆಸಿಕೊಂಡರು. ಆಮೇಲೆ ನನ್ನ ಅಂಗೈ ಒತ್ತಿದರು.

ಇಡೀ ಕಾದಂಬರಿಯೇ ನನ್ನೊಳಗೆ ಬಂದಿಳಿಯಿತು. ಕಣ್ಣು ಕಾಣದ ದೋಣಿಯವಳೊಬ್ಬಳು ನೀರಿನ ಸದ್ದಿನಿಂದಲೇ ಊರುಗಳನ್ನು ಗುರುತಿಸುವ ಕಥೆ. ಅದನ್ನು ಓದುತ್ತ ಮೇಡಂ ಬಸ್ಸಿನಲ್ಲಿ ಅತ್ತದ್ದು, ಇಳಿಯುವ ಸ್ಟಾಪು ದಾಟಿಹೋದದ್ದು, ಮನೆಗೆ ಹೋದವರೇ ಮತ್ತೆ ಮೊದಲಿನಿಂದ ಓದಿದ್ದು ಕೂಡ ಜೊತೆಗೇ ಬಂತು.

ನನಗೆ ಸುಮ್ಮನಿರಲಾಗಲಿಲ್ಲ. ಚಹಾದ ಹೊತ್ತಿಗೆ ಅವರ ಪಕ್ಕ ಕೂತು, ಇವತ್ತು ನನಗೆ ಸಿಕ್ಕಿದ್ದು ಎನ್ನುತ್ತ ಆ ಕಥೆಯನ್ನೇ ಬಾಯಲ್ಲಿ ಹೇಳಿದೆ. ಮೇಡಂ ಲೋಟ ಹಿಡಿದವರು ಕುಡಿಯುವುದನ್ನೇ ಮರೆತರು. ಕಥೆ ಮುಗಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, ಲ್ಯಾಬಿನವರನ್ನೆಲ್ಲ ಬೆರಗಿನಿಂದ ಒಂದು ಸುತ್ತು ನೋಡಿದರು.

"ಇಂಥದ್ದನ್ನೂ ಕೈಬಿಟ್ಟು ಕೊಟ್ಟರಲ್ಲ! ಯಾರ್ರೀ ಆ ಪುಣ್ಯಾತ್ಮರು?"